ಎರಡು ಹಂಚಿನ ನಡುವೆ ಒಂದು ಗಡಿಯಾರ

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಶಿದ್ಲಿಂಗಪ್ಪ ಹೆಂಡತಿಯ ಕಬ್ಬಿಣದ ರೊಟ್ಟಿ ಹಂಚನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ. (ಏಳು ಹನ್ನೆರಡು ಎಂದದ್ದು ಅವನ ಜೇಬುಗಡಿಯಾರ. ಗಿರಣಿಯ ಭೋಂಗಾ ಏಳು ಗಂಟೆಗೆ ಕೂಗಿದ್ದು ಆಗಷ್ಟೇ.)

ಮದುವೆಯಾಗಿ ಆರು ವರ್ಷ. ಪಾರವ್ವ ನಂಬಿದ್ದು ಭೋಂಗಾವನ್ನು, ಗಂಡನ ಗಡಿಯಾರವನ್ನಲ್ಲ. ಬಿ.ಎಸ್ಸಿ. ಮಾಡಿ ಗೋಕಾಕದ ಜಲಪಾತದ ಬಳಿ ವಿದ್ಯುತ್ತಿನ ಕೆಲಸಕ್ಕಿದ್ದವನಿಗೆ ಇದು ಸಣ್ಣ ಅಪಮಾನವಲ್ಲ. ಈಗ ಅವನಿಗೆ ಕಾರಣ ಹೊಳೆದಿತ್ತು. ಡೈನಮೋದ ಕಾಂತಶಕ್ತಿ ಮನೆಯತನಕ ಬಂದು ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಕೆಡಿಸುತ್ತಿದೆ! ಸುತ್ತ ಕಬ್ಬಿಣವಿದ್ದರೆ ಆ ಶಕ್ತಿ ಕಬ್ಬಿಣದೊಳಗೇ ಹರಿದುಹೋಗುತ್ತದೆ, ಒಳಗಿನದನ್ನು ಮುಟ್ಟದು. ಅದಕ್ಕೇ ಈ ಹಂಚು.

"ನಾಳಿ ಮೂಡಲಗಿಯಿಂದ ನನ್ನ ತಮ್ಮ ಮಾಯಪ್ಪ ಮಂದಿನ್ನ ಕರಕೊಂಡ ಬರ್ತಾನ. ರೊಟ್ಟಿ ನಿಮ್ಮ ತಲಿ ಮ್ಯಾಲ ಬೇಯಸ್ಲೇನ್ರಿ?" ಎಂದಳು ಪಾರವ್ವ.

"ಒಂದ ದಿನ ತಡಿ. ನಾಳಿ ಭೋಂಗಾದ ಹೊತ್ತಿಗೆ ಗಡಿಯಾರ ಒಂದ ನಿಮಿಷ ತಪ್ಪಿರ್ಲಿ, ರೊಟ್ಟಿ ನಾನ ಬಡೀತೇನಿ. ಸರಿ ಇದ್ರ ನೀ ಇನ್ನ ಭೋಂಗಾದ ಹೆಸರ ಎತ್ತಬಾರದು."

"ಎಷ್ಟ ಬಡೀತೀರಿ?"

ಒಂಬತ್ತು ಮಂದಿ, ತಲೆಗೆ ಮೂರು. ಶಿದ್ಲಿಂಗಪ್ಪ ಗುಣಿಸಿ, ಎದೆಯುಬ್ಬಿಸಿ, ಗೋಡೆಯಾಚೆಯ ಕಾಶೆವ್ವನಿಗೂ ಕೇಳುವಂತೆ ಲೆಕ್ಕ ಸಾರಿದ.

ಆ ಕಾಶೆವ್ವನಿಂದಲೇ ಇನ್ನೊಂದು ಹಂಚು ಕಡ ತಂದ. ಗಡಿಯಾರ ತೂಗುತ್ತಿದ್ದ ಮೊಳೆಯ ಕೆಳಗೇ ಪಾರವ್ವನ ಕೌದಿ ಹೊಲಿಯುವ ಬುಟ್ಟಿ. ಅದರಲ್ಲಿ ಅಂಗೈಯಗಲದ ಮೆತ್ತನೆಯ ಗಾದಿಯೊಂದು ಸಿಕ್ಕಿತು. ಅದಕ್ಕೆ ಅಂಟಿದ್ದ ಸೂಜಿಗಳನ್ನು ಕಿತ್ತು, ಗಡಿಯಾರವನ್ನು ಭೋಂಗಾಕ್ಕೆ ಸರಿಪಡಿಸಿ, ಗಾದಿಯ ಮೇಲೆ ಮಲಗಿಸಿ, ಕೆಳಗೊಂದು ಮೇಲೊಂದು ಹಂಚು ಮುಚ್ಚಿದ. ಅಂದು ಮನೆಯಲ್ಲಿ ಎರಡೂ ಹೊತ್ತು ಬರೀ ಅನ್ನ.

ಮರುದಿನ ಭೋಂಗಾ ಕೂಗಿತು. ಶಿದ್ಲಿಂಗಪ್ಪ ಪಟ್ಟಾಭಿಷೇಕದ ಗಾಂಭೀರ್ಯದಿಂದ ಮೇಲಿನ ಹಂಚು ಎತ್ತಿದ. ಏಳು ನಲವತ್ತು!

"ಭೋಂಗಾದ್ದ ತಪ್ಪು!"

"ಅಯ್ಯ ಶಿವನ, ನನ್ನ ಸೂಜಿಗಾದಿ ಇಲ್ಲೈತೇನು? ನಿನ್ನಿಂದ ಹುಡುಕಾಕತ್ತೇನಿ!" ಪಾರವ್ವ ಅದನ್ನು ಎತ್ತಿಕೊಂಡಳು. "ಹೋದ ಅಮಾಸಿಗೆ ನನ್ನ ಸೂಜಿ ಕಳದಾಗ ನೀವ ಒಂದ ಸೂಜಿಗಲ್ಲ ತಂದ ಕೊಟ್ಟಿದ್ರೆಲ್ಲಾ, ಅದನ್ನ ಇದರಾಗಿಟ್ಟ ಹೊಲದೇನ್ರಿ. ಒಂದ ಸೂಜಿನೂ ಬೀಳೂದಿಲ್ಲ!"

ಹಂಚುಗಳು ಹೊರಗಿನ ಕಾಂತಶಕ್ತಿಯನ್ನು ತಡೆದಿದ್ದವು, ನಿಜ. ಒಳಗಿನದನ್ನು ಅವನೇ ಹಾಸಿಗೆ ಮಾಡಿ ಹಾಸಿದ್ದ.

"ಹಂಚಿಂದ ಏನೂ ತಪ್ಪಿಲ್ಲ," ಎಂದ ಮೆಲ್ಲಗೆ.

"ಖರೆ ಐತ್ರಿ. ಅದಕ ಒಲಿ ಮ್ಯಾಲ ಇಟ್ಟೇನಿ. ಬರ್ರಿ."

ಮಾಯಪ್ಪ ಬಂದಾಗ ಅವನ ಅಕ್ಕನ ಗಂಡ ಮೊಳಕೈತನಕ ಹಿಟ್ಟಾಗಿ ಕೂತಿದ್ದ. ಮಾಯಪ್ಪ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದ. "ಮಾವಾರ, ಇದು ರೊಟ್ಟಿನೋ, ಹುಕ್ಕೇರಿ ತಾಲೂಕಿನ ನಕಾಶೆನೋ? ಒಟ್ಟ ಎಷ್ಟ ಬಡೀಬೇಕ್ರಿ?"

ಶಿದ್ಲಿಂಗಪ್ಪ ಕೆಮ್ಮಿದ. ಹಂಚು ಒಯ್ಯಲು ಬಂದಿದ್ದ ಕಾಶೆವ್ವ ಬಾಗಿಲಲ್ಲೇ ನಿಂತು ಹೇಳಿದಳು:

"ನಿನ್ನಿ ಅವರ ಬಾಯಿಲೇ ಕೇಳೇನಪಾ. ಇಪ್ಪತ್ತೇಳು!"