ಮರದ ಗೆರೆಯ ದುರ್ಬೀನು

ಸಿರ್ಗಾಪುರದ ಕಾಡುಹಂದಿಗಳನ್ನು ಮುನ್ನೂರು ಮೀಟರಿಗಿಂತ ಹತ್ತಿರದಿಂದ ಹೊಡೆದರೆ ಅವುಗಳ ಮನಸ್ಸಿಗೆ ನೋವಾಗುತ್ತದೆ ಎಂದು ಹಂದಿ ನಿಯಂತ್ರಣ ಮಂಡಳಿಯು ಕಳೆದ ಶ್ರಾವಣದಲ್ಲಿ ಸರ್ವಾನುಮತದಿಂದ ಕಂಡುಕೊಂಡಿತು. ಆದಕಾರಣ ಬಂದೂಕಿಗೆ ದುರ್ಬೀನು ಬೇಕಾಯಿತು. ದುರ್ಬೀನಿನ ಗಾಜಿನೊಳಗೆ ಗುರಿ ಹಿಡಿಯಲು ಗೆರೆ ಬೇಕು. ಗೆರೆ ಎಂಥದಿರಬೇಕೆಂದು ತೀರ್ಮಾನಿಸಲು ದೃಷ್ಟಿ ಸಮಿತಿ ರಚನೆಯಾಯಿತು.

ಮಂಡಳಿಯ ಪಟ್ಟಿಯಲ್ಲಿದ್ದ ಒಬ್ಬನೇ ಪರವಾನಗಿ ಬೇಟೆಗಾರ ದೇವಿದಾಸನಿಗೂ ಕರೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಅವನು ಒಂದು ಗುಂಡನ್ನೂ ದಂಡ ಮಾಡಿರಲಿಲ್ಲ. ಊರಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಅದೇ. ನೆರೆಹೊಲದ ಚಂದ್ರಾಬಾಯಿಯ ಎರಡೆಕರೆ ಮೆಕ್ಕೆಜೋಳದಲ್ಲಿ ಹಂದಿಗಳು ಆಗಲೇ ಒಂದೆಕರೆ ಮುಗಿಸಿದ್ದವು. "ತಮ್ಮಾ, ಉಳಿದದ್ದನ್ನಾದ್ರೂ ಉಳಸು" ಎಂದಿದ್ದಳು ಆಕೆ. "ನಾ ಇದ್ದೀನಿ ಅಕ್ಕಾ" ಎಂದು ಮಾತು ಕೊಟ್ಟು ಅವನು ಜಹೀರಾಬಾದಿನ ಬಸ್ಸು ಹತ್ತಿದ.

ಸಭೆಯಲ್ಲಿ ಮೂರು ಚಿತ್ರಗಳನ್ನು ಮಂಡಿಸಲಾಯಿತು. ದೇವಿದಾಸ ಮೊದಲನೆಯದರ ಮೇಲೆ ಬೆರಳಿಟ್ಟ.

"ಈ ಕೂಡಿಸು ಗುರುತು ಸಾಕ್ರಿ ಸಾಹೇಬ್ರ. ಕೆಳಗ ನಾಕು ಸಣ್ಣ ಗೀಟು. ದೂರ ಹೋದಂಗ ಗುಂಡು ಕೆಳಗ ಇಳೀತದ, ಎಷ್ಟು ಮ್ಯಾಲ ಹಿಡೀಬೇಕಂತ ತಿಳಿದ್ರ ಆತು."

ಅಧ್ಯಕ್ಷ ವಿಜಯೇಂದ್ರರು ಕನ್ನಡಕ ಸರಿಪಡಿಸಿಕೊಂಡರು. "ನಾವು ಹಂದಿ ಕಳೀಬೇಕ್ರಿ, ಕೂಡಿಸಬಾರದು."

ಎರಡನೆಯದರಲ್ಲಿ ನಡುವೆ ಒಂದೇ ಚುಕ್ಕೆ. ಚುಕ್ಕೆ ಇಟ್ಟರೆ ವಾಕ್ಯ ಮುಗಿದ ಹಾಗೆ, ಯೋಜನೆ ಇನ್ನೂ ಐದು ವರ್ಷ ನಡೆಯಬೇಕಾಗಿದೆ ಎಂದು ಕಾರ್ಯದರ್ಶಿ ಸುಲಭಾ ಗಮನಕ್ಕೆ ತಂದರು. ಮೂರನೆಯದರಲ್ಲಿ ಗೀಟುಗಳು ಕೆಳಗಿಳಿದಂತೆ ಅಗಲವಾಗುತ್ತ ಮರದ ಆಕಾರವಾಗಿದ್ದವು. ಅದು ಗಾಳಿಯ ಲೆಕ್ಕಕ್ಕೆ ಎಂದು ದೇವಿದಾಸ ಹೇಳುವುದರೊಳಗೆ, ಪರಿಸರಕ್ಕೆ ಎಂದು ದಾಖಲಾಯಿತು. ಗೌರವ ಸದಸ್ಯರು ತಲಾ ಒಂದು ಕೊಂಬೆ ಸೂಚಿಸಿದರು. ಎಲೆಗಳನ್ನು ಅಧ್ಯಕ್ಷರೇ ಸೇರಿಸಿದರು.

ತಿಂಗಳ ಮೇಲೆ ದುರ್ಬೀನು ಬಂತು. ಸಂಜೆಬಿಸಿಲಲ್ಲಿ ಸಮಿತಿಯವರೆಲ್ಲ ಚಂದ್ರಾಬಾಯಿಯ ಹೊಲಕ್ಕೆ ಬಂದು ಮುನ್ನೂರು ಮೀಟರು ಅಳೆದು ನಿಂತರು. ಬೆಳೆಯಲ್ಲಿ ಏಳು ಹಂದಿ. ದೇವಿದಾಸ ಬಂದೂಕು ಭುಜಕ್ಕೇರಿಸಿದ, ಒಂದು ಕಣ್ಣು ಮುಚ್ಚಿದ, ಇಳಿಸಿದ.

"ಗಿಡ ಕಾಣಾಕತ್ತದರಿ. ಹಂದಿ ಕಾಣವಲ್ದು."

ವಿಜಯೇಂದ್ರರೂ ನೋಡಿದರು. "ಹೌದು. ಹಂದಿ ಇಲ್ಲ. ಬರಕೊಳ್ರಿ ಸುಲಭಾ ಅವರ."

"ಅಯ್ಯ, ಬರೇ ಕಣ್ಣಿಗಿ ಏಳು ಕಾಣ್ತಾವಲ್ರಿ!" ಎಂದಳು ಚಂದ್ರಾಬಾಯಿ.

"ಬರಿಗಣ್ಣು ಅನುಮೋದಿತ ಸಾಧನ ಅಲ್ಲಮ್ಮ."

"ಮತ್ತ ಕರಮ್ ಕುರುಮ್ ಅಂತ ಕಡಿಯಾಕತ್ತಾವಲ್ರಿ?"

"ಅದು ಸಪ್ಪಳ. ನಮ್ಮದು ದೃಷ್ಟಿ ಸಮಿತಿ."

ದುರ್ಬೀನು ಕಳಚಿ ಎಸೆದು ಗುಂಡು ಹಾರಿಸಲೇ ಎಂದು ದೇವಿದಾಸನ ಕೈ ತುಡಿಯಿತು. ಹಾಗೆ ಮಾಡಿದರೆ ಪರವಾನಗಿ ರದ್ದು ಎಂದು ನಿಯಮದಲ್ಲೇ ಇತ್ತು. ಅವನು ಅಕ್ಕನ ಮುಖ ನೋಡದೆ ಬಂದೂಕನ್ನು ಚೀಲಕ್ಕೆ ಹಾಕಿದ.

ವಾರದೊಳಗೆ ಪ್ರಕಟಣೆ ಹೊರಬಿತ್ತು: "ಸಿರ್ಗಾಪುರವನ್ನು ಹಂದಿಮುಕ್ತ ಗ್ರಾಮವೆಂದು ಘೋಷಿಸಲಾಗಿದೆ. ಇನ್ನು ಮುಂದೆ ಇಲ್ಲಿ ಹಂದಿಯಿಂದ ಬೆಳೆ ಹಾನಿಯಾಗತಕ್ಕದ್ದಲ್ಲ." ಒಂದೂ ಗುಂಡು ಹಾರಿಸದೆ ಇದನ್ನು ಸಾಧಿಸಿದ ದೇವಿದಾಸನಿಗೆ ಶಾಲೆಯ ಅಂಗಳದಲ್ಲಿ ಸನ್ಮಾನ ಏರ್ಪಾಡಾಯಿತು. ನಾರಾಯಣಖೇಡ್, ತಾಂಡೂರುಗಳಿಗೂ ಅದೇ ದುರ್ಬೀನು ಮಂಜೂರಾಗಿದೆ, ತರಬೇತಿ ದೇವಿದಾಸನೇ ಕೊಡುತ್ತಾನೆ ಎಂದು ವಿಜಯೇಂದ್ರರು ವೇದಿಕೆಯಿಂದ ಸಾರಿದರು. ಶಾಲು ಹೊದಿಸುವಾಗ ಒಂದು ದೊಡ್ಡ ಹಂದಿ ಪೆಂಡಾಲಿನೊಳಗೆ ಬಂತು.

ಯಾರೂ ಕೂಗಲಿಲ್ಲ. ಇಲ್ಲದ ಪ್ರಾಣಿಯನ್ನು ಏನೆಂದು ಕೂಗುವುದು? ವಿಜಯೇಂದ್ರರು ಮಾತು ನಿಲ್ಲಿಸಿ ದುರ್ಬೀನು ತರಿಸಿ ನೋಡಿದರು, ತಲೆಯಾಡಿಸಿ ಭಾಷಣ ಮುಂದುವರಿಸಿದರು. ಹಂದಿ ವೇದಿಕೆ ಹತ್ತಿ ಸನ್ಮಾನದ ತಟ್ಟೆಯ ಬಾಳೆಹಣ್ಣಿಗೆ ಬಾಯಿ ಹಾಕಿತು. ಶಾಲು ಹೊದ್ದ ದೇವಿದಾಸ ಪಕ್ಕದಲ್ಲೇ ಇದ್ದ. ಮೂರು ಹೆಜ್ಜೆಯಿಂದ ಕಣ್ಣು ಮುಚ್ಚಿಯೂ ಹೊಡೆಯಬಲ್ಲವನು ಅವನು. ಕೈಮುಗಿದು ನಿಂತೇ ಇದ್ದ. ಜನ ಚಪ್ಪಾಳೆ ತಟ್ಟಿದರು.

ತಿಂದು ಮುಗಿಸಿ ಹಂದಿ ಕೆಳಗಿಳಿದಾಗ, ಮುಂದಿನ ಸಾಲಿನಲ್ಲಿದ್ದ ಚಂದ್ರಾಬಾಯಿ ಎದ್ದು ತನ್ನ ಕುರ್ಚಿ ಪಕ್ಕಕ್ಕೆ ಎಳೆದುಕೊಂಡಳು.

"ಸರೀರಿ, ಹಾದಿ ಬಿಡ್ರಿ" ಎಂದಳು ಪಕ್ಕದವರಿಗೆ. "ಅದಕ್ಕ ನನ್ನ ಹೊಲಕ್ಕ ಹೋಗಾಕ ಹೊತ್ತಾತು."