ಸಿನಿಮಾ ಜ್ವರಕ್ಕೆ ಕಾಕಾನ ಮದ್ದು

ನಮ್ಮ ಕಾಕಾ ನಮ್ಮದೇ ಸೇನೆಯಲ್ಲಿದ್ದುಕೊಂಡು ಶತ್ರುಸೈನಿಕನಾಗಿ ಸತ್ತವರು! ಅದೂ ಒಂದೇ ಸಲವಲ್ಲ. ನೀವು ನಂಬಲಿಕ್ಕಿಲ್ಲ, ಆದ್ದರಿಂದ ಅವಸರ ಮಾಡದೆ, ಆದದ್ದನ್ನು ಆದಂತೆಯೇ ಹೇಳುತ್ತೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಸೇನೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು. ಈಗ ತೆಲುಗು ನಾಡಿನ ಉಪ್ಪಲ್‌ನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ಅವರ ಪ್ರಾಯದಲ್ಲಿ ಯಾವುದೋ ಹಿಂದಿ ಯುದ್ಧದ ಸಿನಿಮಾಕ್ಕೆ ಸೇನೆ ಟ್ಯಾಂಕುಗಳ ಜೊತೆಗೆ ಜನರನ್ನೂ ಕೊಟ್ಟಿತ್ತಂತೆ. ಕಾಕಾನಿಗೆ ಸಿಕ್ಕಿದ್ದು ವೈರಿಯ ಸಮವಸ್ತ್ರ.

“ಬೆಳಿಗ್ಗೆ ಸತ್ತೆ. ಊಟಕ್ಕ ಎದ್ದೆ. ಉಂಡು ಮತ್ತ ಸತ್ತೆ! ಖರೇ ಸಿಪಾಯಿ ನಾ ನೆಲದ ಮ್ಯಾಲ. ಮಾರಿಗೆ ಪೌಡರ್ ಹಚಗೊಂಡಾವ ನನ್ನ ಎದಿ ಮ್ಯಾಲ ಕಾಲಿಟ್ಟು ಭಾಷಣ ಹೊಡದ!”

“ಸಿನಿಮಾದವರಿಗೆ ಮಿಲಿಟರಿಯವರು ಅಷ್ಟೆಲ್ಲಾ ಯಾಕ ಕೊಡತಾರ ಕಾಕಾ?” ಎಂದು ಕೇಳಿದ್ದೆ.

“ಸುಮ್ಮನ ಕೊಡತಾರೇನು? ಮೊದಲ ಕಥಿ ಓದತಾರ. ಲಾರಿ ಕೆಡೂದು, ರಜಾ ಸಿಗಲಾರದ ಅಳೂದು, ಅವನ್ನೆಲ್ಲಾ ತಗಸ್ತಾರ. ಆಮ್ಯಾಲ ಟ್ಯಾಂಕ್ ಬರತಾವ. ಟ್ಯಾಂಕ್ ನೋಡಿ ಹುಡುಗರು ಭರ್ತಿಗೆ ಬರತಾರ. ನಾನೂ ಹಂಗ ಬಂದಾವ!”

ಇಷ್ಟು ತಿಳಿದವರು ಇಂಥ ಸಿನಿಮಾ ನೋಡಬಾರದಲ್ಲವೇ? ಒಂದನ್ನೂ ಬಿಡುವುದಿಲ್ಲ! ಬಿಡುಗಡೆಯ ದಿನವೇ ಹೋಗಬೇಕು, ಪಕ್ಕದ ಸೀಟಿನಲ್ಲಿ ನಾನಿರಬೇಕು. ಪರದೆಯ ಮೇಲೆ ಮೇಜರ್ ಸಾಹೇಬರು ಕೂದಲು ಹಾರಿಸುತ್ತ ಬಂದರೆ ಇವರು ಎದ್ದು ನಿಂತು ದನಿ ಏರಿಸುತ್ತಾರೆ: “ಇವನ ರೆಜಿಮೆಂಟ್‌ದಾಗ ನಾವಿದ ಸತ್ತಾನೇನು?” ಹಿಂದಿನಿಂದ ಯಾರೋ “ಪೆದ್ದಾಯನಾ, ಕೂರ್ಚೋಂಡಿ!” ಎಂದು, ಕೂತುಕೊಳ್ಳಲು ತೆಲುಗಿನಲ್ಲಿ ಗದರುತ್ತಾರೆ. ಮಧ್ಯಂತರದ ಹೊತ್ತಿಗೆ ಅದೇ ಮನುಷ್ಯ ಮುಂದೆ ಬಾಗಿ, “ಅಂಕಲ್, ಆ ಹೆಲಿಕಾಪ್ಟರ್ ಕೂಡಾ ಸುಳ್ಳೇನಾ?” ಎಂದು ವಿನಯದಿಂದ ಕೇಳುತ್ತಿರುತ್ತಾನೆ.

ಹಾಗೆಂದು ನೀವು ಸೇನೆಯ ಬಗ್ಗೆ ಒಂದು ಹಗುರ ಮಾತಾಡಿ ನೋಡಿ! ಕಾಕಾ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಬೈಯುವ ಹಕ್ಕು ಒಳಗಿದ್ದವರದು ಮಾತ್ರ.

ಚಿತ್ರಮಂದಿರದ ಬಾಗಿಲಲ್ಲಿ ಈಚೆಗೆ ಸೇನಾ ಭರ್ತಿಯ ಕೋಚಿಂಗ್ ಸೆಂಟರಿನವರು ನಿಂತಿರುತ್ತಾರೆ. ಅವರ ಕೈಯ ಕರಪತ್ರದಲ್ಲಿ ಅದೇ ನಾಯಕ, ಅದೇ ಬಂದೂಕು. ಕೆಳಗೆ ‘ಮುಂದಿನ ಹೀರೋ ನೀವೇ’. ಸಿನಿಮಾ ನೋಡಿ ಭರ್ತಿಗೆ ಓಡುವುದನ್ನು ಕಾಕಾ ಸಿನಿಮಾ ಜ್ವರ ಎನ್ನುತ್ತಾರೆ. ಮದ್ದೂ ಅವರಲ್ಲಿದೆ: ಜ್ವರ ಬಂದವರಿಗೆ ಅದೇ ಸಿನಿಮಾವನ್ನು ಇನ್ನೊಮ್ಮೆ ತೋರಿಸುವುದು. ಪಥ್ಯ ಒಂದೇ. “ಹೀರೋನ್ನ ನೋಡಬ್ಯಾಡ. ಹಿಂದ ನಿಂತಾವನ್ನ ನೋಡು.” ಹಿಂದೆ ನಿಂತವರು ಹೆಸರಿಲ್ಲದೆ ಬೀಳುತ್ತಾರೆ, ಹಾಡು ಶುರುವಾಗುತ್ತದೆ, ಜ್ವರ ಇಳಿಯುತ್ತದೆ. ತಲೆ ಬೋಳಿಸಿಕೊಂಡು ಭರ್ತಿಗೆ ಹೊರಟಿದ್ದ ಪಕ್ಕದ ಮನೆಯವನೊಬ್ಬ ಈ ಮದ್ದಿನಿಂದ ಗುಣವಾಗಿ, ಈಗ ಮಣಿಕೊಂಡದ ಆಫೀಸಿನಲ್ಲಿ ಕುಳಿತು ಕುಳಿತು ಬೆನ್ನು ನೋವು ಎನ್ನುತ್ತಿದ್ದಾನೆ!

ಈ ವರ್ಷ ಜ್ವರ ನಮ್ಮ ಮನೆಗೇ ಬಂತು. ನರ್ಸಿಂಗ್ ಕೊನೆಯ ವರ್ಷದಲ್ಲಿರುವ ನನ್ನ ಮಗಳು ಗೆಳತಿಯರ ಜೊತೆ ಒಂದು ಯುದ್ಧದ ಸಿನಿಮಾ ನೋಡಿ ಬಂದವಳು, ಚಪ್ಪಲಿ ಬಿಡುತ್ತಲೇ ಹೇಳಿದಳು: “ಅಮ್ಮಾ, ನಾ ಮಿಲಿಟರಿಗೆ ಹೋಗತೀನಿ.”

ನನಗಿರುವುದು ಅವಳೊಬ್ಬಳೇ. ಸೀದಾ ಮಹಡಿ ಹತ್ತಿದೆ.

“ಕಾಕಾ, ನೀವ ಅಕಿಗೆ ಬುದ್ಧಿ ಹೇಳ್ರಿ.”

“ಹೆದರಬ್ಯಾಡ ಮಗಳ. ಒಂದು ಮ್ಯಾಟ್ನಿ ಸಾಕು!”

ಭಾನುವಾರ ಮೂವರೂ ಹೋದೆವು. ಕಾಕಾ ನಡುವೆ, ಆಚೆ ಅವಳು, ಈಚೆ ನಾನು. ಪಥ್ಯ ಹೇಳಿಯಾಯಿತು. ಅಂದು ಕಾಕಾ ನಾಯಕನ ಕೂದಲನ್ನೂ ಕ್ಷಮಿಸಿದರು. ನಾನು ಪರದೆ ನೋಡಲೇ ಇಲ್ಲ. ಮಗಳ ಮುಖ ನೋಡುತ್ತಿದ್ದೆ. ಹಾಡು ಬಂದಾಗ ಅವಳ ಹುಬ್ಬು ಗಂಟಿಕ್ಕಿತ್ತು. ಮದ್ದು ಹಿಡಿಯಿತು ಎಂದುಕೊಂಡೆ.

ದೀಪಗಳು ಹತ್ತಿದವು. ಜನ ಎದ್ದರು. ಅವಳು ಏಳಲಿಲ್ಲ.

“ಅಜ್ಜಾ, ಹೀರೋ ಭಾಷಣ ಮಾಡಾಕತ್ತಾಗ ಪರದೆ ಮೂಲ್ಯಾಗ ಒಬ್ಬಾವ ಗಾಯ ಆದಾವನ್ನ ಹೆಗಲ ಮ್ಯಾಲ ಹೊತ್ತು ಹೊಂಟಿದ್ದ, ನೋಡಿದ್ಯಾ? ಜಾರಿ ಮೊಣಕಾಲ ಊರಿದ. ಆದ್ರ ಅವನ್ನ ಕೆಳಗ ಬಿಡಲಿಲ್ಲ.”

“ನೋಡಿದೆ.”

“ಹೋದ ಸಲ ನನಗ ಅವ ಕಂಡಿರಲೇ ಇಲ್ಲ. ಅಂವ ಹೊತ್ತು ತಂದಾವನ್ನ ಮುಂದ ಯಾರರ ನೋಡಕೋಬೇಕಲ್ಲ? ಆ ಕೆಲಸ ನನಗ ಬರತದ ಅಜ್ಜಾ.”

ಕಾಕಾನ ಮದ್ದೇ ಅವಳನ್ನು ಭರ್ತಿ ಮಾಡಿಬಿಟ್ಟಿತ್ತು! ಕೋಟಿಗಟ್ಟಲೆ ಸುರಿದ ಸಿನಿಮಾ ಜ್ವರವನ್ನಷ್ಟೇ ತಂದಿತ್ತು, ಆ ಪಥ್ಯ ಅದನ್ನು ಗಟ್ಟಿ ನಿರ್ಧಾರ ಮಾಡಿತ್ತು. ನನಗಾದದ್ದು ಸಿಟ್ಟೋ, ಭಯವೋ, ಹೆಮ್ಮೆಯೋ, ಆ ಕ್ಷಣ ತಿಳಿಯಲಿಲ್ಲ. ಈಗ ಹೆಮ್ಮೆಯೇ ಹೆಚ್ಚು ಎನ್ನಬಲ್ಲೆ. “ಕಾಕಾ, ಏನರ ಹೇಳ್ರಿ,” ಎಂದೆ.

ಕಾಕಾ ನಾನೆಂದೂ ಕೇಳದ ಮಾತೊಂದನ್ನು ಹೇಳಿದರು.

“ಗುಡ್ಡದ ಮ್ಯಾಲ ನಮ್ಮ ಲಾರಿ ಉರುಳಿದಾಗ ನನ್ನೂ ಹಂಗ ಹೊತ್ತು ತಂದಿದ್ರು. ತಲಿ ಕೆಳಗಿತ್ತು. ಹೊತ್ತಾವನ ಬೂಟು ಅಷ್ಟ ಕಂಡ್ವು. ಮಾರಿ ಇವತ್ತಿಗೂ ಗೊತ್ತಿಲ್ಲ. ಮಿಲಿಟರಿ ದವಾಖಾನ್ಯಾಗ ಕಣ್ಣು ಬಿಟ್ಟಾಗ ಬಾಜೂಕ ಒಬ್ಬಾಕಿ ಸಿಸ್ಟರ್ ನಿಂತಿದ್ಲು.” ನನ್ನ ಕಡೆ ತಿರುಗಿದರು. “ಬ್ಯಾಡ ಅಂತ ನಾ ಹೆಂಗ ಹೇಳ್ಲಿ ಮಗಳ?”

ಮೆಟ್ಟಿಲ ಬಳಿ ಮಗಳು ಕೈ ಚಾಚಿದಳು. ಯಾರ ಕೈಯನ್ನೂ ಹಿಡಿಯದ ಕಾಕಾ ಅವಳ ತೋಳಿನ ಮೇಲೆ ಭಾರ ಬಿಟ್ಟರು.

“ಬೀಳಸಬ್ಯಾಡವಾ ಮತ್ತ.”

“ಬೀಳಸೂದಿಲ್ಲ ಅಜ್ಜಾ.”