ಫಿಲ್ಟರ್ ಆಯ್ಕೆ ಯಂತ್ರಕ್ಕೆ ಮಸ್ಕಿಯ ಹಳೇ ಕಾರಿನ ಸಲಾಮು

ಎಂಜಿನ್ನುಗಳ ಮೂಗಿಗೆ ಮುಸುಕು ಹೊಲಿಯುವ ಕಂಪನಿಯ ವೆಬ್‌ಸೈಟಿನಲ್ಲಿ ಊಟ ಕೇಳದೆ, ರಜೆ ಬೇಡದೆ ಸೇವೆ ಸಲ್ಲಿಸುತ್ತಿರುವ ಫಿಲ್ಟರ್ ಆಯ್ಕೆ ಯಂತ್ರ ಮಾನ್ಯರೇ,

ಮಸ್ಕಿಯ ನಿವೃತ್ತ ಕನ್ನಡ ಶಿಕ್ಷಕಿ ಗುಲ್ಷನ್‌ಬೀ ಮಾಡುವ ಸಲಾಮುಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಧೂಳಿಲ್ಲದ ಜಾಗದಲ್ಲಿರುವವರು ಕ್ಷೇಮವಾಗಿರದೆ ಇನ್ನೇನು.

ನಮ್ಮ ಅಬ್ಬಾ ಬಂದೇಸಾಬರು ಎಪ್ಪತ್ನಾಲ್ಕರಲ್ಲಿ ಕೊಂಡ ಅಂಬಾಸಿಡರ್ ಕಾರಿಗೆ ಗಾಳಿ ಸೋಸುವ ಫಿಲ್ಟರ್ ಬೇಕೆಂದು ವಿನಯದಿಂದ ತಮ್ಮಲ್ಲಿಗೆ ಬಂದಾಗ, ತಾವು ಇಸವಿ ಕೇಳಿದಿರಿ, ನಾನು ಹೇಳಿದೆ, ತಾವು ಒಂದು ಗಳಿಗೆ ಯೋಚಿಸಿ ‘ಈ ವಾಹನ ಅಸ್ತಿತ್ವದಲ್ಲಿಲ್ಲ’ ಎಂದು ಅಪ್ಪಣೆ ಕೊಡಿಸಿದಿರಿ. ಆ ಹೊತ್ತಿಗೆ ಅದು ನಮ್ಮ ಅಂಗಳದಲ್ಲೇ ನಿಂತಿತ್ತು, ಅದರ ನೆರಳಿನಲ್ಲಿ ಕೋಳಿ ಮಲಗಿತ್ತು. ತಿಳಿದವರ ಮಾತಿಗೆ ಎದುರಾಡಬಾರದೆಂದು ಕಾರಿನ ವಯಸ್ಸನ್ನು ಅರ್ಧಕ್ಕರ್ಧ ಇಳಿಸಿ ಹೇಳಿದೆ. ತಾವು ಕೂಡಲೇ ಪ್ರಸನ್ನರಾದಿರಿ.

ಆಮೇಲೆ ಕಾರು ಓಡುವುದು ನಗರದಲ್ಲೋ, ಹೆದ್ದಾರಿಯಲ್ಲೋ, ಮರುಭೂಮಿಯಲ್ಲೋ ಎಂದು ವಿಚಾರಿಸಿದಿರಿ. ಭತ್ತದ ಕೊಯ್ಲಿನ ಕಾಲಕ್ಕೆ ಯಂತ್ರಗಳು ಉಗುಳುವ ಹೊಟ್ಟಿನಲ್ಲಿ ಎದುರಿನ ಎಮ್ಮೆಯೂ ಕಾಣದಂತಾಗುವ ನಮ್ಮ ಸಿಂಧನೂರಿನ ರಸ್ತೆಗೆ ತಮ್ಮಲ್ಲಿ ಹೆಸರೇ ಇರಲಿಲ್ಲವಾದ್ದರಿಂದ, ಕಾಲುವೆ ನೀರು ಕುಡಿಯುವ ಸೀಮೆಯನ್ನು ಮರುಭೂಮಿ ಎಂದೇ ಒಪ್ಪಿಕೊಂಡೆ. ತಾವು ಕಳಿಸಿಕೊಟ್ಟ ಕೆಂಪು ಅಂಚಿನ ಕಾಗದದ ಫಿಲ್ಟರು ನೋಡಲು ಬಲು ಚೆಂದ. ನಮ್ಮ ಮನೆಯವರು ಪೀರ್‌ಸಾಬರು ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹೇಗೋ ಕೂರಿಸಿದರು.

ಇಷ್ಟೆಲ್ಲ ಅವಸರ ಯಾಕೆಂದರೆ, ನಮ್ಮ ಮನೆಯ ಹೆಣ್ಣುಮಕ್ಕಳು ಅತ್ತೆಮನೆಗೆ ಹೋಗುವುದು ಇದೇ ಕಾರಿನಲ್ಲಿ. ನಾನು ಹೋದದ್ದೂ, ತಂಗಿ ಹಸೀನಾಬೀ ಸಿಂಧನೂರಿಗೆ ಹೋದದ್ದೂ ಇದರಲ್ಲೇ. ಈಗ ಅವಳ ಮಗಳು ನಿಶಾತ್ ಲಿಂಗಸುಗೂರಿನ ಸೊಸೆಯಾಗಬೇಕಿತ್ತು. ತನ್ನ ನಾನಾಜಾನ್ ಆದ ಅಬ್ಬಾನ ತೊಡೆಯ ಮೇಲೆ ಕೂತು ಸ್ಟೇರಿಂಗ್ ತಿರುವಿದ ಹುಡುಗಿ ಅವಳು. ‘ಖಾಲಾ, ನಾನಾಜಾನ್ ಅಂತೂ ಇಲ್ಲ, ಅವರ ಕಾರಾದ್ರೂ ಬರ್ಲಿ’ ಎಂದಿದ್ದಳು. ಆಗಲೆಂದು ಮಾತು ಕೊಟ್ಟೆ.

ನಿಕಾಹ್‌ಗೆ ಮುಂಚೆ ಕಾರನ್ನು ಒಮ್ಮೆ ಓಡಿಸಿ ನೋಡಲು ಹೋದೆವು. ತಮ್ಮ ಚೆಂದದ ಫಿಲ್ಟರು ಹೊಟ್ಟನ್ನೆಲ್ಲ ಎಷ್ಟು ಪ್ರೀತಿಯಿಂದ ತಬ್ಬಿಕೊಂಡಿತೆಂದರೆ, ಒಳಗೆ ಗಾಳಿಗೆ ಜಾಗವೇ ಉಳಿಯಲಿಲ್ಲ. ಕಾಲುವೆ ಸೇತುವೆಯ ಮೇಲೆ ಕಾರು ಕೆಮ್ಮಿ ಕೆಮ್ಮಿ ನಿಂತೇ ಹೋಯಿತು. ಅದೇ ಹೊತ್ತಿಗೆ ನಿಶಾತ್‌ಳ ಭಾವೀ ಮಾವ ಜಾಹೀದ್‌ಸಾಬರು ಬಿಳಿ ಕಾರಿನಲ್ಲಿ ಆ ದಾರಿಯಲ್ಲೇ ಬರಬೇಕೇ! ಗಾಜು ಇಳಿಸಿ, ‘ಇದರಾಗ ನಮ್ಮ ಸೊಸಿನ ಕಳಸ್ತೀರೇನ್ರೀ? ಬ್ಯಾಡ ಬಿಡ್ರಿ, ನಮ್ಮ ಗಾಡಿ ಕಳಸ್ತೀನಿ, ಏಸಿ ಐತಿ’ ಎಂದರು. ನನಗೆ ಕಾಲುವೆಗೆ ಹಾರುವಷ್ಟು ನಾಚಿಕೆಯಾಯಿತು. ತಮಗೆ ದೂರು ಬರೆದೆ. ‘ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ?’ ಎಂದು ತಾವು ಕೇಳಿದಿರಿ.

ಕೊನೆಗೆ ಪೀರ್‌ಸಾಬರು ಅಟ್ಟದಿಂದ ಅಬ್ಬಾನ ಕಾಲದ ಕಬ್ಬಿಣದ ಫಿಲ್ಟರನ್ನೇ ಇಳಿಸಿದರು. ಅದರ ತಳದ ಬಟ್ಟಲಿಗೆ ಒಂದಿಷ್ಟು ಎಂಜಿನ್ ಆಯಿಲ್ ಹಾಕಿದರೆ ಸಾಕು, ಧೂಳೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಆದರೆ ಮದುವೆಯ ದಿನ ಹಸೀನಾಬೀ, ಮದುಮಗಳು ಕೂರುವ ಗಾಡಿಯಲ್ಲಿ ಆ ಕರಿ ಎಣ್ಣೆಯ ವಾಸನೆ ಬೇಡವೆಂದು ಯಾರಿಗೂ ಹೇಳದೆ ಅದನ್ನು ಚೆಲ್ಲಿ, ಅಡುಗೆಮನೆಯ ಕುಸುಬೆ ಎಣ್ಣೆಯನ್ನು ಅಂಚಿನವರೆಗೆ ತುಂಬಿಬಿಟ್ಟಳು. ಆಮೇಲೆ ಬೈದಾಗ, ‘ಮಗಳ ಕಾರ್ಯಕ್ಕ ಎಣ್ಣಿ ಅಳದು ಹಾಕ್ತಾರೇನು?’ ಎಂದು ನನ್ನನ್ನೇ ಕೇಳಿದಳು.

ಹೆಚ್ಚಾದ ಎಣ್ಣೆಯನ್ನು ಎಂಜಿನ್ನು ಹೀರಿಕೊಂಡಿತು. ನೀಲಿ ಹೊಗೆ ಬಿಡುತ್ತ, ಮಿರ್ಚಿ ಭಜಿ ಕರಿಯುವ ವಾಸನೆ ಹರಡುತ್ತ ನಮ್ಮ ಕಾರು ಮಸ್ಕಿ ದಾಟುವಾಗ, ಹೋಟೆಲಿನವರು ಹೊರಗೆ ಬಂದು ಇಣುಕಿ ನೋಡಿದರು. ಸಿಂಧನೂರಿನಿಂದ ಅತ್ತುಕೊಂಡೇ ಬಂದಿದ್ದ ನಿಶಾತ್ ಮುಸುಕು ಸರಿಸಿ, ಒಮ್ಮೆ ಮೂಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಕಾರು ಎಲ್ಲೂ ನಿಲ್ಲಲಿಲ್ಲ. ಲಿಂಗಸುಗೂರಿನಲ್ಲಿ ಇಳಿಯುವಾಗಲೂ ಅವಳು ನಗುತ್ತಲೇ ಇದ್ದಳು. ‘ನಮ್ಮ ಸೊಸಿ ದಾರ್ಯಾಗ ಅಡಿಗಿ ಮಾಡಿಕೋತ ಬಂದಾಳಲ್ಲ’ ಎಂದು ಜಾಹೀದ್‌ಸಾಬರೂ ನಕ್ಕರು. ಅಬ್ಬಾ ಇದ್ದಿದ್ದರೆ ಎಷ್ಟು ನಗುತ್ತಿದ್ದರೋ ಎಂದು ನೆನೆದು ನಾನೊಬ್ಬಳೇ ಅತ್ತೆ.

ಆದ್ದರಿಂದ ತಾವು ದಯಮಾಡಿ ಬರುವ ಕೊಯ್ಲಿಗೆ ಸಿಂಧನೂರಿಗೆ ಬಂದು, ಭತ್ತದ ಯಂತ್ರದ ಪಕ್ಕ ಬಾಯಿ ತೆರೆದುಕೊಂಡು ಒಂದು ದಿನ ನಿಂತು, ಆ ರಸ್ತೆಗೊಂದು ಹೆಸರಿಟ್ಟು, ಹೋಗುವಾಗ ನಮ್ಮ ಅಂಗಳಕ್ಕೆ ಬಂದು ‘ನೀನು ಇದ್ದೀಯ’ ಎಂದು ಕಾರಿಗೆ ಖುದ್ದಾಗಿ ತಿಳಿಸಬೇಕಾಗಿ ಪ್ರಾರ್ಥನೆ.

ಇನ್ನೂ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಗುಲ್ಷನ್‌ಬೀ, ಮಸ್ಕಿ

ತಾ.ಕ.: ತಾವು ಕೇಳಿದ ನಕ್ಷತ್ರಗಳ ವಿಚಾರವನ್ನು ನಮ್ಮ ಕೋಳಿಗೆ ಒಪ್ಪಿಸಿದ್ದೇನೆ, ತಮ್ಮ ಫಿಲ್ಟರಿನೊಳಗೆ ಅದು ಕಾವಿಗೆ ಕೂತಿದೆ, ತುಂಬ ಸಂತೋಷದಿಂದಿದೆ. ಇನ್ನು ಮದುವೆಯ ನಂತರದ ಶುಕ್ರವಾರದ ಔತಣ ಜುಮ್ಮಾಗಿಗೆಂದು ತವರಿಗೆ ಬರಬೇಕಾದ ನಿಶಾತ್, ಮಾವನ ಏಸಿ ಗಾಡಿ ಬೇಡವೆಂದು ನಿನ್ನೆ ಫೋನ್ ಮಾಡಿದ್ದಳು: ‘ಖಾಲಾ, ಆ ಇಲ್ಲದ ಕಾರು ಕಳಸ್ರಿ. ಎಣ್ಣಿ ಅಮ್ಮೀ ಕೈಲೇ ಹಾಕಸ್ರಿ.’